ಓಟದ ಚಕ್ರ: ಒಂದು ಅಳತೆಯ ಚರಿತ್ರೆ

೧. ಪೀಠಿಕೆ

ಶಾಸ್ತ್ರಗಳ ಚರಿತ್ರೆಯನ್ನು ಬರೆಯುವವರು ಸಿದ್ಧಾಂತಗಳಿಗೆ ಕೊಡುವಷ್ಟು ಗಮನವನ್ನು ಉಪಕರಣಗಳಿಗೆ ಕೊಡುವುದು ಅಪೂರ್ವ. ಸಿದ್ಧಾಂತವನ್ನು ಸ್ಥಾಪಿಸಿದವರ ಹೆಸರು ಗ್ರಂಥಗಳಲ್ಲಿ ನಿಲ್ಲುತ್ತದೆ. ಆ ಸಿದ್ಧಾಂತಕ್ಕೆ ಅಂಕಿಗಳನ್ನು ಒದಗಿಸಿದ ತಕ್ಕಡಿಯೂ ಗಡಿಯಾರವೂ ಪ್ರಯೋಗಶಾಲೆಯ ಮೂಲೆಯನ್ನು ಸೇರುತ್ತವೆ. ಪ್ರಾಣಿಗಳ ನಡತೆಯನ್ನು ವಿಚಾರಿಸುವ ಶಾಸ್ತ್ರದಲ್ಲಿ ೧೨೫ ವರ್ಷಗಳಿಗೂ ಮಿಕ್ಕು ಬಳಕೆಯಲ್ಲಿರುವ ಓಟದ ಚಕ್ರಕ್ಕೂ ಬಹುಮಟ್ಟಿಗೆ ಇದೇ ಗತಿಯಾಗಿದೆ.

ಇದರ ರಚನೆ ಅತಿ ಸರಳವಾದುದು. ಪಂಜರದಲ್ಲಿಟ್ಟ ಇಲಿಯು ತನಗೆ ಬೇಕಾದಾಗ ಚಕ್ರದೊಳಗೆ ಹೊಕ್ಕು ಓಡುತ್ತದೆ; ಓಡಿದಂತೆಲ್ಲ ಚಕ್ರವು ಅದರ ಕಾಲಡಿಯಲ್ಲಿ ಹಿಂದಕ್ಕೆ ಸರಿಯುವುದರಿಂದ ಪ್ರಾಣಿಯು ಇದ್ದಲ್ಲಿಯೇ ಇರುತ್ತದೆ. ಅಚ್ಚಿಗೆ ಹೊಂದಿಸಿದ ಯಂತ್ರವು ಸುತ್ತುಗಳನ್ನು ಲೆಕ್ಕವಿಡುತ್ತದೆ. ಸುತ್ತುಗಳ ಸಂಖ್ಯೆಯನ್ನು ಚಕ್ರದ ಪರಿಧಿಯಿಂದ ಗುಣಿಸಿದರೆ ಓಡಿದ ದೂರವು ದೊರೆಯುತ್ತದೆ. ಇಲ್ಲಿಯವರೆಗೆ ವಿವಾದಕ್ಕೆ ಆಸ್ಪದವಿಲ್ಲ.

ವಿವಾದವು ಹುಟ್ಟುವುದು ಆ ಸಂಖ್ಯೆಗೆ ಹೆಸರಿಡುವಾಗ. ಒಂದು ಕಾಲದ ವಿದ್ವಾಂಸರು ಅದನ್ನು ಪ್ರಾಣಿಯ ಸಹಜವಾದ ಚಟುವಟಿಕೆ ಎಂದರು. ಅವರ ತರುವಾಯದವರು ಅಂತಃಪ್ರೇರಣೆ ಎಂದರು. ಮತ್ತೊಂದು ಪಂಥದವರು ದೇಹದೊಳಗಿನ ಗಡಿಯಾರದ ಮುಳ್ಳು ಎಂದರು. ಈಚಿನವರು ವ್ಯಾಯಾಮ ಎನ್ನುತ್ತಾರೆ. ಸೂತ್ರವು ಒಂದೇ ಆಗಿದ್ದು ಭಾಷ್ಯಗಳು ಹಲವಾಗಿರುವುದು ನಮ್ಮ ದೇಶದ ವಿದ್ವಾಂಸರಿಗೆ ಹೊಸ ಸಂಗತಿಯಲ್ಲ. ಸುತ್ತುಗಳ ಎಣಿಕೆಯೆಂಬ ಸೂತ್ರಕ್ಕೆ ಕಾಲಕಾಲಕ್ಕೆ ಹುಟ್ಟಿದ ಈ ಭಾಷ್ಯಗಳ ಕ್ರಮವನ್ನು ನಿರೂಪಿಸಿ, ಅಳೆಯತಕ್ಕ ಸಾಧನವೇ ಅಳೆಯಲ್ಪಡುವ ವಸ್ತುವನ್ನು ಎಷ್ಟರಮಟ್ಟಿಗೆ ಮಾರ್ಪಡಿಸಿತೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಮುಂದೆ ಇಲಿಯೆಂದರೆ ಪ್ರಯೋಗಶಾಲೆಯ ದೊಡ್ಡ ಜಾತಿಯೆಂದೂ, ಚಿಟ್ಟಿಲಿಯೆಂದರೆ ಅದಕ್ಕಿಂತ ಬಹಳ ಸಣ್ಣದಾದ ಬೇರೆ ಜಾತಿಯೆಂದೂ ತಿಳಿಯತಕ್ಕದ್ದು.

೨. ಅಳಿಲಿನ ಪಂಜರದಿಂದ ಪ್ರಯೋಗಶಾಲೆಗೆ

ಚಕ್ರವು ವಿದ್ವಾಂಸರ ನಿರ್ಮಾಣವಲ್ಲ. ಯೂರೋಪು ಅಮೆರಿಕಗಳಲ್ಲಿ ಅಳಿಲನ್ನು ಸಾಕುವವರು ಅದರ ಪಂಜರಕ್ಕೆ ತಿರುಗುವ ಉರುಳೆಯೊಂದನ್ನು ಸೇರಿಸುತ್ತಿದ್ದ ವಾಡಿಕೆ ಪ್ರಯೋಗಶಾಲೆಗಳಿಗಿಂತ ಹಳೆಯದು. ಈ ಉರುಳೆಯು ಎಷ್ಟು ಪರಿಚಿತವಾಗಿತ್ತೆಂದರೆ, ವಿದ್ಯುತ್ ಶಾಸ್ತ್ರಜ್ಞರು ತಮ್ಮ ಒಂದು ಬಗೆಯ ಮೋಟಾರಿಗೆ ಅದರ ಆಕಾರವನ್ನು ನೋಡಿ ಅಳಿಲುಪಂಜರವೆಂದೇ ಹೆಸರಿಟ್ಟರು. ಮಕ್ಕಳ ವಿನೋದಕ್ಕಾಗಿ ಇದ್ದ ವಸ್ತುವು ಶಾಸ್ತ್ರದ ಸಾಧನವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ.

೧೮೯೮ರಲ್ಲಿ ಅಮೆರಿಕದ ಶರೀರಶಾಸ್ತ್ರ ಪತ್ರಿಕೆಯ ಮೊದಲನೆಯ ಸಂಪುಟದಲ್ಲಿಯೇ ಕಾಲಿನ್ ಸ್ಟೂಅರ್ಟ್ ಎಂಬವರ ಪ್ರಬಂಧವೊಂದು ಪ್ರಕಟವಾಯಿತು. ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಅವರು ನಡೆಸಿದ ಪ್ರಯೋಗಗಳ ಫಲವದು. ಮದ್ಯಸಾರ, ವಾಯುಭಾರದ ಏರಿಳಿತ, ಆಹಾರದ ಮಾರ್ಪಾಟು ಇವುಗಳಿಂದ ಪ್ರಾಣಿಯ ಪ್ರತಿದಿನದ ಚಟುವಟಿಕೆಯು ಹೇಗೆ ಬದಲಾಗುವುದೆಂಬುದು ಅವರ ಪ್ರಶ್ನೆ. ಪ್ರಾಣಿಯನ್ನು ತಿರುಗುವ ಪಂಜರದಲ್ಲಿರಿಸಿ, ಅದರ ಚಲನೆಯು ಉರುಳೆಯೊಂದರ ಮೇಲೆ ತಾನಾಗಿಯೇ ಗುರುತಾಗುವಂತೆ ಅವರು ಏರ್ಪಡಿಸಿದರು. ಇದರ ಪ್ರಯೋಜನವು ಸ್ಪಷ್ಟವಾದುದು. ಮನುಷ್ಯನು ಕಣ್ಣಿನಿಂದ ನೋಡಿ ಬರೆದಿಡುವುದಕ್ಕೆ ಹೊರಟರೆ ಎಷ್ಟು ಹೊತ್ತು ಎಚ್ಚರವಾಗಿರಬಲ್ಲನು? ಇಲಿಯೋ ರಾತ್ರಿಯಲ್ಲಿ ಸಂಚರಿಸುವ ಪ್ರಾಣಿ. ನೋಡುವವನು ನಿದ್ರೆಯಲ್ಲಿದ್ದಾಗಲೂ ಲೆಕ್ಕವು ತಪ್ಪದೆ ನಡೆಯಬೇಕಾದರೆ ಯಂತ್ರವೇ ಬೇಕು.

ಸ್ಟೂಅರ್ಟರ ತರುವಾಯ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಲೋನೇಕರ್ ಎಂಬವರು ಈ ವಿಧಾನವನ್ನು ಅಪಾರವಾದ ತಾಳ್ಮೆಯಿಂದ ಮುಂದುವರಿಸಿದರು. ೧೯೦೭ರಲ್ಲಿ ಅವರು ಬೇರೆ ಬೇರೆ ವಯಸ್ಸಿನ ಬಿಳಿಯ ಇಲಿಗಳ ಚಟುವಟಿಕೆಯನ್ನು ವರ್ಣಿಸಿದರು. ೧೯೧೨ರ ಪ್ರಬಂಧದಲ್ಲಿ ಹುಟ್ಟಿನಿಂದ ಸಹಜಮರಣದವರೆಗೆ ಇಲಿಯ ಓಟವನ್ನು ಅನುಸರಿಸಿದರು. ಒಂದು ಜೀವದ ಪೂರ್ಣಾಯುಷ್ಯವನ್ನು ಸುತ್ತುಗಳ ಲೆಕ್ಕದಲ್ಲಿ ಬರೆದಿಟ್ಟ ಚರಿತ್ರೆಯೆಂದು ಅದನ್ನು ಕರೆಯಬಹುದು. ಯೌವನದಲ್ಲಿ ಏರಿ ಮುಪ್ಪಿನಲ್ಲಿ ಇಳಿಯುವ ರೇಖೆಯು ಆ ಲೆಕ್ಕದಿಂದ ಹೊರಪಟ್ಟಿತು. ಇಬ್ಬರೂ ವಿದ್ವಾಂಸರು ತಮ್ಮ ಸಂಖ್ಯೆಗೆ ಇಟ್ಟ ಹೆಸರು ಚಟುವಟಿಕೆ ಎಂಬುದೊಂದೇ. ಸ್ಲೋನೇಕರರು ಅದಕ್ಕೆ ‘ಸಹಜವಾದ’ ಎಂಬ ವಿಶೇಷಣವನ್ನೂ ಸೇರಿಸಿದರು. ಚಕ್ರವಿಲ್ಲದ ಎಡೆಯಲ್ಲಿಯೂ ಇಲಿಯು ಇಷ್ಟೇ ದೂರ ಸಂಚರಿಸುತ್ತಿತ್ತೇ ಎಂಬ ಪ್ರಶ್ನೆಯು ಈ ವಿಶೇಷಣದೊಳಗೆ ಅಡಗಿದ್ದು, ಬಹುಕಾಲ ಹೊರಕ್ಕೆ ಬರಲಿಲ್ಲ.

೩. ಅಂತಃಪ್ರೇರಣೆಯ ಭಾಷ್ಯ

ಎರಡನೆಯ ಭಾಷ್ಯಕ್ಕೆ ಪ್ರಧಾನಾಚಾರ್ಯರು ಕರ್ಟ್ ರಿಕ್ಟರ್ (೧೮೯೪–೧೯೮೮). ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ವಾಟ್ಸನರ ಶಿಷ್ಯರಾಗಿದ್ದ ಇವರು, ಹೊರಗಿನ ಪ್ರಚೋದನೆಗಳಿಗೆ ಕೊಡುವ ಪ್ರತಿಕ್ರಿಯೆಗಳ ಮೊತ್ತವೇ ನಡತೆಯೆಂಬ ಗುರುವಿನ ಮತವನ್ನು ಮೀರಿ ನಡೆದರು. ಹೊರಗೆ ಶಬ್ದವಿಲ್ಲ, ಬೆಳಕಿನ ಬದಲಾವಣೆಯಿಲ್ಲ, ಕಾಡುವವರಿಲ್ಲ. ಆದರೂ ಇಲಿಯು ಕೆಲವು ಹೊತ್ತಿಗೊಮ್ಮೆ ಎದ್ದು ಚಲಿಸುತ್ತದೆ, ಮತ್ತೆ ಮಲಗುತ್ತದೆ. ಹಾಗಾದರೆ ಅದನ್ನು ಎಬ್ಬಿಸಿದ್ದು ಯಾವುದು? ೧೯೨೨ರ ತಮ್ಮ ಪ್ರಬಂಧದಲ್ಲಿಯೂ ೧೯೨೭ರ ಮತ್ತೊಂದು ಲೇಖನದಲ್ಲಿಯೂ ಇದಕ್ಕೆ ಉತ್ತರವನ್ನು ದೇಹದ ಒಳಗೇ ಹುಡುಕಬೇಕೆಂದು ಅವರು ವಾದಿಸಿದರು. ಹಸಿವು, ಗ್ರಂಥಿಗಳ ಸ್ರಾವ, ಸಂತಾನಪ್ರವೃತ್ತಿ ಇವೇ ಚಕ್ರವನ್ನು ತಿರುಗಿಸುವ ಶಕ್ತಿಗಳೆಂದು ಅವರ ಮತ.

ಈ ಮತಕ್ಕೆ ಪ್ರಬಲವಾದ ಆಧಾರವನ್ನು ಒದಗಿಸಿದವರು ಅದೇ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗಮಾಡುತ್ತಿದ್ದ ಚೀನಾದೇಶದ ವಾಂಗ್ ಜಿಂಗ್‌ಶಿ. ೧೯೨೩ರಲ್ಲಿ ಪ್ರಕಟವಾದ ಅವರ ಪ್ರಬಂಧವು ಹೆಣ್ಣಿಲಿಯ ಓಟವನ್ನು ಅದರ ಋತುಚಕ್ರಕ್ಕೆ ಸಂಬಂಧಿಸಿ ನೋಡಿತು. ಹೆಣ್ಣಿಲಿಗೆ ನಾಲ್ಕೈದು ದಿನಗಳಿಗೊಮ್ಮೆ ಬೆದೆ ಬರುತ್ತದೆ. ಆ ರಾತ್ರಿ ಅದು ಉಳಿದ ರಾತ್ರಿಗಳಿಗಿಂತ ಹಲವು ಪಾಲು ಹೆಚ್ಚಾಗಿ ಓಡುತ್ತದೆ. ಸುತ್ತುಗಳ ಲೆಕ್ಕವನ್ನು ದಿನಾನುಕ್ರಮವಾಗಿ ಚಿತ್ರಿಸಿದರೆ ನಾಲ್ಕೈದು ದಿನಗಳಿಗೊಂದು ಶಿಖರವು ಕಾಣಿಸಿಕೊಳ್ಳುತ್ತದೆ. ಗಂಡಿಲಿಯ ಲೆಕ್ಕದಲ್ಲಿ ಇಂತಹ ಶಿಖರಗಳಿಲ್ಲ. ಕಣ್ಣಿಗೆ ಕಾಣದ ಗ್ರಂಥಿಯ ವ್ಯಾಪಾರವು ಚಕ್ರದ ಮೂಲಕ ಕಾಗದದ ಮೇಲೆ ಮೂಡಿದಂತಾಯಿತು.

ವಾಂಗ್ ಅವರ ವಿಷಯದಲ್ಲಿ ಸಾಹಿತ್ಯಾಭ್ಯಾಸಿಗಳು ಗಮನಿಸತಕ್ಕ ಸಂಗತಿ ಇನ್ನೊಂದುಂಟು. ಅವರು ಪೀಕಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ೧೯೧೯ರಲ್ಲಿ ಆರಂಭಿಸಿದ ‘ಹೊಸ ಅಲೆ’ ಎಂಬರ್ಥದ ಪತ್ರಿಕೆಯ ಬಳಗಕ್ಕೆ ಸೇರಿದವರು. ಪ್ರಾಚೀನ ಗ್ರಾಂಥಿಕ ಭಾಷೆಯನ್ನು ಬಿಟ್ಟು ಆಡುಮಾತಿನಲ್ಲಿ ಕಥೆಗಳನ್ನು ಬರೆದವರಲ್ಲಿ ಮೊದಲಿಗರೊಬ್ಬರು. ಲೂ ಷುನ್ ಅವರು ೧೯೩೫ರಲ್ಲಿ ಹೊಸ ಚೀನೀ ಕಥೆಗಳ ಸಂಪುಟವನ್ನು ಸಂಪಾದಿಸಿದಾಗ ಪೀಠಿಕೆಯಲ್ಲಿ ಇವರನ್ನು ಸ್ಮರಿಸಿದ್ದಾರೆ. ಚೀನಾದಲ್ಲಿ ಹೊಸ ಗದ್ಯದ ಆರಂಭಕ್ಕೆ ನೆರವಾದ ಕೈಯೇ ಬಾಲ್ಟಿಮೋರಿನಲ್ಲಿ ಇಲಿಯ ಸುತ್ತುಗಳನ್ನು ದಿನಚರಿಗೆ ಇಳಿಸುತ್ತಿತ್ತು.

೪. ಉಪಕರಣದ ಮೇಲಿನ ಸಂದೇಹ

ಚಕ್ರವು ಕ್ರಮೇಣ ಕಾರ್ಖಾನೆಯಲ್ಲಿ ತಯಾರಾಗುವ ವಸ್ತುವಾಯಿತು. ಬಾಲ್ಟಿಮೋರಿನ ವಾಮನ್ ಸಂಸ್ಥೆಯು ಮಾರುತ್ತಿದ್ದ, ಸುಮಾರು ೧೪ ಅಂಗುಲ ವ್ಯಾಸದ ಚಕ್ರವು ಅನೇಕ ಪ್ರಯೋಗಶಾಲೆಗಳಲ್ಲಿ ಪ್ರಮಾಣವಾಗಿ ನಿಂತಿತು. ಅದರ ಪರಿಧಿ ಸುಮಾರು ೧.೧೨ ಮೀಟರು, ಎಂದರೆ ಸಾವಿರ ಸುತ್ತು ತಿರುಗಿದರೆ ಇಲಿಯು ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಓಡಿದಂತಾಯಿತು. ಚಕ್ರದ ಮಗ್ಗುಲಲ್ಲಿ ಸಣ್ಣ ಪಂಜರವೊಂದಿದ್ದು, ಆಹಾರವೂ ನೀರೂ ಅಲ್ಲಿರುತ್ತಿದ್ದವು.

ಚಕ್ರದ ತೂಕ, ಅಚ್ಚಿನ ಘರ್ಷಣೆ, ವ್ಯಾಸ ಇವುಗಳಲ್ಲಿ ಯಾವುದು ಬದಲಾದರೂ ಸುತ್ತುಗಳ ಸಂಖ್ಯೆಯೂ ಬದಲಾಗುತ್ತದೆ. ಹಗುರವಾದ ಚಕ್ರವು ಪ್ರಾಣಿಯು ನಿಂತ ಮೇಲೂ ತಾನಾಗಿ ತಿರುಗೀತು. ಭಾರವಾದುದು ಪ್ರತಿ ಓಟದ ಆರಂಭದಲ್ಲಿಯೂ ಎದುರು ನಿಂತೀತು. ಬಿ. ಎಫ್. ಸ್ಕಿನ್ನರ್ ಅವರು ೧೯೩೩ರಲ್ಲಿಯೇ ಸ್ವಯಂಪ್ರೇರಿತ ಚಟುವಟಿಕೆಯ ಅಳತೆಯನ್ನು ವಿಷಯವಾಗಿಟ್ಟುಕೊಂಡು ಒಂದು ಲೇಖನವನ್ನು ಬರೆದರು.

ಇದಕ್ಕಿಂತ ಗಹನವಾದ ಆಕ್ಷೇಪವು ಹಸಿವಿನ ಪ್ರಯೋಗಗಳಿಂದ ಬಂದಿತು. ಆಹಾರವನ್ನು ತಡೆದಾಗ ಚಕ್ರದಲ್ಲಿಯ ಇಲಿಯು ಹೆಚ್ಚು ಹೆಚ್ಚಾಗಿ ಓಡುತ್ತದೆ; ಹಸಿವೆಂಬ ಪ್ರೇರಣೆಯು ಪ್ರಾಣಿಯನ್ನು ಅಟ್ಟುತ್ತದೆಂಬುದಕ್ಕೆ ಇದು ನೇರವಾದ ಸಾಕ್ಷಿಯೆಂದು ಎಣಿಸಲಾಗಿತ್ತು. ಆದರೆ ೧೯೫೩ರಲ್ಲಿ ಕ್ಯಾಂಪ್‌ಬೆಲ್ ಮತ್ತು ಷೆಫೀಲ್ಡ್ ಎಂಬವರು ಹಸಿದ ಇಲಿಗಳನ್ನು ಚಕ್ರವಿಲ್ಲದ, ಸದ್ದು ಬೆಳಕುಗಳು ಬದಲಾಗದ ಪಂಜರದಲ್ಲಿಟ್ಟು ಅವುಗಳ ಅಲುಗಾಟವನ್ನು ಅಳೆದಾಗ, ಅದು ಹೆಚ್ಚಿದ್ದು ಅತ್ಯಲ್ಪವಾಗಿ. ಸುತ್ತಣ ಪರಿಸರದಲ್ಲಿ ಏನಾದರೂ ಬದಲಾವಣೆಯಾದಾಗ ಮಾತ್ರ ಹಸಿದ ಇಲಿಯು ವಿಶೇಷವಾಗಿ ಚುರುಕಾಗುತ್ತಿತ್ತು. ಒಂದೇ ಹಸಿವು ಒಂದು ಉಪಕರಣದಲ್ಲಿ ದೊಡ್ಡದಾಗಿಯೂ ಮತ್ತೊಂದರಲ್ಲಿ ಚಿಕ್ಕದಾಗಿಯೂ ಕಂಡರೆ, ಚಟುವಟಿಕೆ ಎಂಬ ಒಂದೇ ಪದವು ಎರಡು ವಸ್ತುಗಳಿಗೆ ಸಲ್ಲುತ್ತಿತ್ತೆಂದು ತಿಳಿಯಬೇಕು. ಇಲಿಯ ಚಕ್ರದೋಟವನ್ನು ಇಲಿಯ ಒಟ್ಟು ಚಲನೆಗೆ ಪ್ರತಿನಿಧಿಯಾಗಿ ಗ್ರಹಿಸುವುದು ಸಾಧುವಲ್ಲವೆಂಬುದು ಇದರಿಂದ ವಿಶದವಾಯಿತು.

೫. ಗಡಿಯಾರದ ಭಾಷ್ಯ

ಚಕ್ರಕ್ಕೆ ಈ ಸಂದೇಹದಿಂದ ಬಿಡುಗಡೆ ದೊರೆತದ್ದು ಎಷ್ಟು ಎಂಬ ಪ್ರಶ್ನೆಯನ್ನು ಬಿಟ್ಟು ಯಾವಾಗ ಎಂದು ಕೇಳಿದವರಿಂದ. ಸುತ್ತುಗಳ ಮೊತ್ತವು ಚಕ್ರದ ಗುಣವನ್ನು ಅನುಸರಿಸಿ ಹೆಚ್ಚುಕಡಮೆಯಾದರೂ, ಪ್ರಾಣಿಯು ಓಡಲು ತೊಡಗುವ ಹೊತ್ತು ಬಹು ನಿಖರವಾಗಿ ಹೊರಪಡುತ್ತದೆ. ಪ್ರತಿದಿನದ ಗುರುತುಗಳಿರುವ ಕಾಗದದ ಪಟ್ಟಿಯನ್ನು ಕತ್ತರಿಸಿ ಒಂದರ ಕೆಳಗೊಂದು ಅಂಟಿಸಿದರೆ ತಿಂಗಳುಗಟ್ಟಲೆಯ ದಿನಚರಿಯು ಒಂದೇ ಹಾಳೆಯಲ್ಲಿ ಕಾಣುತ್ತದೆ. ಹಗಲಿರುಳುಗಳು ಬದಲಾಗುವಾಗ ಓಟದ ಆರಂಭವು ನೆಟ್ಟಗೆ ಕೆಳಗಿಳಿಯುವ ಗೆರೆ. ಪ್ರಾಣಿಯನ್ನು ಎಡೆಬಿಡದ ಕತ್ತಲೆಯಲ್ಲಿಟ್ಟರೆ ಆ ಗೆರೆಯು ಓರೆಯಾಗುತ್ತದೆ. ಎಂದರೆ ಪ್ರಾಣಿಯು ಪ್ರತಿದಿನವೂ ಕೆಲವು ನಿಮಿಷ ಮುಂಚಿತವಾಗಿಯೋ ತಡವಾಗಿಯೋ ಓಡತೊಡಗುತ್ತದೆ. ಅದು ಅನುಸರಿಸುತ್ತಿರುವುದು ಸೂರ್ಯನನ್ನಲ್ಲ, ತನ್ನೊಳಗಿನ ಕಾಲಮಾನವನ್ನು.

೧೯೩೯ರಲ್ಲಿ ಮೇನಾರ್ಡ್ ಜಾನ್ಸನ್ ಅವರು ಬಿಳಿಗಾಲಿನ ಚಿಟ್ಟಿಲಿಗಳಲ್ಲಿ ಇದನ್ನು ಕಂಡು, ಶರೀರದೊಳಗೆ ತಾನಾಗಿ ನಡೆಯುವ ಗಡಿಯಾರವೊಂದು ಇರಬೇಕೆಂದು ನಿರ್ಣಯಿಸಿದರು. ೧೯೫೯ರಲ್ಲಿ ಫ್ರಾನ್ಜ್ ಹಾಲ್ಬರ್ಗ್ ಅವರು ಈ ಲಯಕ್ಕೆ, ಸುಮಾರು ಒಂದು ದಿನ ಎಂಬರ್ಥದ ಲ್ಯಾಟಿನ್ ಪದಗಳಿಂದ, ಸರ್ಕೇಡಿಯನ್ ಎಂಬ ಹೆಸರನ್ನು ಕಟ್ಟಿದರು. ೧೯೬೦ರಲ್ಲಿ ಪೆಟ್ರೀಷಿಯ ಡಿಕೋರ್ಸಿ ಅವರು ಕತ್ತಲೆಯಲ್ಲಿಟ್ಟ ಹಾರುವ ಅಳಿಲುಗಳಿಗೆ ಸ್ವಲ್ಪ ಹೊತ್ತು ಬೆಳಕನ್ನು ತೋರಿಸಿ, ಆ ಬೆಳಕು ಒಳಗಿನ ಇರುಳಿನ ಮೊದಲಲ್ಲಿ ಬಿದ್ದರೆ ಗಡಿಯಾರವು ಹಿಂದಕ್ಕೂ ಕೊನೆಯಲ್ಲಿ ಬಿದ್ದರೆ ಮುಂದಕ್ಕೂ ಸರಿಯುವುದೆಂದು ತೋರಿಸಿದರು. ೧೯೭೨ರಲ್ಲಿ ಸ್ಟೀಫನ್ ಮತ್ತು ಝುಕರ್ ಅವರು ಮೆದುಳಿನ ತಳಭಾಗದಲ್ಲಿ, ದೃಷ್ಟಿನರಗಳು ಒಂದನ್ನೊಂದು ಹಾಯುವ ಸ್ಥಳದ ಮೇಲ್ಗಡೆಯಲ್ಲಿರುವ ಸಣ್ಣ ಜೀವಕಣಗಳ ಗುಂಪನ್ನು ನಾಶಮಾಡಿದಾಗ ಇಲಿಯ ಓಟದ ಲಯವೂ ನೀರು ಕುಡಿಯುವ ಲಯವೂ ಅಳಿದುಹೋದವು. ಅದೇ ವರ್ಷ ಮೂರ್ ಮತ್ತು ಐಕ್ಲರ್ ಅವರು ಗ್ರಂಥಿಸ್ರಾವದ ಲಯದಿಂದ ಅದೇ ಸ್ಥಾನಕ್ಕೆ ಬಂದು ಮುಟ್ಟಿದರು.

೧೯೮೮ರಲ್ಲಿ ರಾಲ್ಫ್ ಮತ್ತು ಮೆನೇಕರ್ ಅವರಿಗೆ ಚಕ್ರದ ದಾಖಲೆಯಿಂದಲೇ ವಿಚಿತ್ರವಾದ ಹ್ಯಾಮ್‌ಸ್ಟರೊಂದು ಗುರುತಿಗೆ ಸಿಕ್ಕಿತು. ಅದರ ಸಂತತಿಯಲ್ಲಿ, ತಂದೆತಾಯಿಗಳಿಬ್ಬರಿಂದಲೂ ಆ ಗುಣವನ್ನು ಪಡೆದ ಮರಿಗಳ ದಿನವು ೨೦ ಗಂಟೆಗಳಷ್ಟೇ. ೧೯೯೦ರಲ್ಲಿ ಅಂತಹ ಪ್ರಾಣಿಯ ಮೆದುಳಿನ ಆ ಗುಂಪನ್ನು ಗಡಿಯಾರ ಕಳೆದುಕೊಂಡ ಪ್ರಾಣಿಗೆ ಕಸಿಮಾಡಿದಾಗ, ಪಡೆದ ಪ್ರಾಣಿಯು ಕೊಟ್ಟ ಪ್ರಾಣಿಯ ಕಾಲಮಾನಕ್ಕೆ ಓಡಿತು. ೧೯೯೪ರಲ್ಲಿ ತಕಹಾಷಿ ಅವರ ಬಳಗವು ೩೦೦ಕ್ಕೂ ಹೆಚ್ಚು ಚಿಟ್ಟಿಲಿಗಳನ್ನು ಚಕ್ರಗಳಲ್ಲಿ ಪರೀಕ್ಷಿಸಿ, ಸಸ್ತನಿಗಳ ಗಡಿಯಾರಕ್ಕೆ ಸಂಬಂಧಿಸಿದ ವಂಶಾಣುವೊಂದರ ಸುಳಿವನ್ನು ಪಡೆಯಿತು.

ಈ ಅಧ್ಯಾಯದಲ್ಲಿ ಕರ್ಣಾಟಕಕ್ಕೂ ಪಾಲುಂಟು. ಮಧುರೆಯ ಕಾಮರಾಜ ವಿಶ್ವವಿದ್ಯಾಲಯದಲ್ಲಿಯೂ ತರುವಾಯ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಕೆಲಸಮಾಡಿದ ಎಂ. ಕೆ. ಚಂದ್ರಶೇಖರನ್ ಅವರು (೧೯೩೭–೨೦೦೯) ಗುಹೆಯ ಬಾವಲಿಗಳ ಲಯಗಳನ್ನು ಪರಿಶೋಧಿಸಿದವರು. ಅವರೂ ಅವರ ಶಿಷ್ಯರೂ ನಮ್ಮ ಹೊಲಗಳ ಪುಟ್ಟ ಚಿಟ್ಟಿಲಿಯಾದ ‘ಮಸ್ ಬೂದುಗ’ವನ್ನು ಚಕ್ರದಲ್ಲಿಟ್ಟು ಅದರ ಗಡಿಯಾರದ ನಿಖರತೆಯನ್ನೂ ಬೆಳಕಿಗೆ ಅದು ಕೊಡುವ ಉತ್ತರವನ್ನೂ ಅಳೆದರು. ಈ ಜಾತಿಯನ್ನು ೧೮೩೭ರಲ್ಲಿ ಗ್ರೇ ಅವರು ಮೊದಲು ವರ್ಣಿಸಿದ್ದು, ಅಂದು ಆಂಗ್ಲರು ದಕ್ಷಿಣ ಮರಾಠಾ ಪ್ರಾಂತವೆಂದು ಕರೆಯುತ್ತಿದ್ದ, ಧಾರವಾಡವನ್ನೊಳಗೊಂಡ ಸೀಮೆಯಿಂದ ಬಂದ ಮಾದರಿಯಿಂದ.

೬. ಓಟವೇ ಬೇಡಿಕೆಯಾದಾಗ

ಗಡಿಯಾರದ ಪಂಥದವರು ಚಕ್ರವನ್ನು ನಿರಪೇಕ್ಷ ಸಾಕ್ಷಿಯೆಂದು ನಂಬಿದ್ದ ಕಾಲದಲ್ಲಿಯೇ, ಓಟವು ಪ್ರಾಣಿಗೆ ಸ್ವತಃ ಪ್ರಿಯವಾದ ವಸ್ತುವೆಂಬುದು ಬೇರೆ ಕಡೆಗಳಲ್ಲಿ ಸ್ಥಾಪಿತವಾಗುತ್ತಿತ್ತು. ೧೯೬೨ರಲ್ಲಿ ಡೇವಿಡ್ ಪ್ರಿಮ್ಯಾಕ್ ಅವರು ತೋರಿಸಿದಂತೆ, ಬಾಯಾರಿದ ಇಲಿಯು ನೀರಿಗಾಗಿ ಓಡುತ್ತದೆ. ಓಟಕ್ಕೆ ಅವಕಾಶವಿಲ್ಲದೆ ಇಟ್ಟ ಇಲಿಯು ಓಟಕ್ಕಾಗಿ ನೀರು ಕುಡಿಯುತ್ತದೆ. ೧೯೬೭ರಲ್ಲಿ ಲೀ ಕವನೌ ಅವರು ಬಿಳಿಗಾಲಿನ ಚಿಟ್ಟಿಲಿಗಳಿಗೆ ಮೋಟಾರಿನಿಂದ ತಿರುಗುವ ಚಕ್ರವನ್ನೂ ಅದರ ಕೀಲಿಯನ್ನೂ ಒಪ್ಪಿಸಿದರು. ಪ್ರಯೋಗಕಾರನು ಚಕ್ರವನ್ನು ನಡೆಸಿದರೆ ಚಿಟ್ಟಿಲಿಯು ಅದನ್ನು ನಿಲ್ಲಿಸುತ್ತಿತ್ತು. ಅದೇ ಚಿಟ್ಟಿಲಿಯು ತನ್ನ ಇಚ್ಛೆಯಿಂದ ಅದೇ ಚಕ್ರವನ್ನು ನಡೆಸಿ ಓಡುತ್ತಿತ್ತು. ಬಲವಂತದ ಓಟವೂ ಇಚ್ಛೆಯ ಓಟವೂ ಸುತ್ತಿನ ಲೆಕ್ಕದಲ್ಲಿ ಒಂದೇ. ಪ್ರಾಣಿಯ ಲೆಕ್ಕದಲ್ಲಿ ಬೇರೆ.

ಈ ಪ್ರೀತಿಗೆ ದಾರುಣವಾದ ಮುಖವೂ ಉಂಟು. ರೌಟನ್‌ಬರ್ಗ್ ಮತ್ತು ಕುಜ್ನೆಸಾಫ್ ಅವರು ೧೯೬೭ರಲ್ಲಿ ಇಲಿಗಳಿಗೆ ದಿನಕ್ಕೆ ಒಂದು ಗಂಟೆಯ ಹೊತ್ತು ಮಾತ್ರ ಆಹಾರವನ್ನಿಟ್ಟು, ಉಳಿದ ಹೊತ್ತಿನಲ್ಲಿ ಚಕ್ರವನ್ನು ತೆರೆದಿಟ್ಟರು. ಚಕ್ರವಿಲ್ಲದ ಇಲಿಗಳು ಆ ಒಂದು ಗಂಟೆಗೆ ಹೊಂದಿಕೊಂಡು ಬದುಕಿದವು. ಚಕ್ರವಿದ್ದವು ದಿನದಿಂದ ದಿನಕ್ಕೆ ಕಡಮೆ ತಿಂದು ಹೆಚ್ಚು ಓಡುತ್ತ ಸೊರಗಿ ಸಾಯುವ ಸ್ಥಿತಿಗೆ ಬಂದವು.

ಇಷ್ಟಲ್ಲದೆ, ಗಡಿಯಾರದ ಮುಳ್ಳೆಂದು ಭಾವಿಸಿದ್ದ ಓಟವು ಗಡಿಯಾರವನ್ನೇ ತಿರುಗಿಸಬಲ್ಲದೆಂದು ೧೯೮೭ರಲ್ಲಿ ಮ್ರೊಸೊವ್‌ಸ್ಕಿ ಮತ್ತು ಸಾಮನ್ ಅವರು ಪ್ರಕಟಿಸಿದರು. ಹಗಲಿರುಳುಗಳನ್ನು ಬದಲಾಯಿಸಿದಾಗ, ಹೊಸ ಚಕ್ರದಲ್ಲಿ ಕೆಲವು ಹೊತ್ತು ಓಡಿದ ಹ್ಯಾಮ್‌ಸ್ಟರ್‌ಗಳು ಓಡದವುಗಳಿಗಿಂತ ಬೇಗನೆ ಹೊಸ ಕಾಲಕ್ಕೆ ಹೊಂದಿಕೊಂಡವು. ಸಾಕ್ಷಿಯೇ ವ್ಯವಹಾರದಲ್ಲಿ ಪಾಲುಗಾರನಾಗಿದ್ದನೆಂದು ಇದರಿಂದ ಗೊತ್ತಾಯಿತು.

೭. ವ್ಯಾಯಾಮದ ಭಾಷ್ಯ

ನಾಲ್ಕನೆಯ ಭಾಷ್ಯವು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಪ್ರಬಲವಾಯಿತು. ೧೯೯೩ರಲ್ಲಿ ಥಿಯೊಡೋರ್ ಗಾರ್ಲೆಂಡ್ ಅವರು ಹೆಚ್ಚು ಓಡುವ ಚಿಟ್ಟಿಲಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸಿ ನಾಲ್ಕು ವಂಶಗಳನ್ನು ಬೆಳಸತೊಡಗಿದರು. ಆರಿಸದೆ ಬೆಳಸಿದ ನಾಲ್ಕು ವಂಶಗಳು ಹೋಲಿಕೆಗಾಗಿ ಇದ್ದವು. ಚಿಟ್ಟಿಲಿಗೆ ಆರು ದಿನ ಚಕ್ರವನ್ನು ಕೊಟ್ಟು, ಐದು ಆರನೆಯ ದಿನಗಳ ಸುತ್ತುಗಳನ್ನು ನೋಡಿ ಆರಿಸುವುದು ಕ್ರಮ. ಕೆಲವು ತಲೆಮಾರುಗಳಲ್ಲಿ ಓಟದ ವಂಶಗಳು ಉಳಿದವುಗಳಿಗಿಂತ ಎರಡೂವರೆಯಿಂದ ಮೂರು ಪಾಲು ಹೆಚ್ಚು ಓಡಿದವು. ೧೯೯೯ರಲ್ಲಿ ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯಲ್ಲಿ ವಾನ್ ಪ್ರಾಗ್, ಕೆಂಪರ್‌ಮನ್, ಗೇಜ್ ಅವರು, ಚಕ್ರದಲ್ಲಿ ಓಡಿದ ಪ್ರೌಢ ಚಿಟ್ಟಿಲಿಗಳ ಮೆದುಳಿನಲ್ಲಿ, ಸ್ಮೃತಿಗೆ ಸಂಬಂಧಿಸಿದ ಭಾಗದಲ್ಲಿ, ಹೊಸ ನರಕಣಗಳು ಹೆಚ್ಚಾಗಿ ಹುಟ್ಟುವುದನ್ನು ಕಂಡರು. ಅಂದಿನಿಂದ ಓಟದ ಚಕ್ರವು ಮನುಷ್ಯನ ವ್ಯಾಯಾಮಕ್ಕೆ ಉಪಮಾನವಾಯಿತು.

ಇಲ್ಲಿ ಹೋಲಿಕೆಯ ತಳಹದಿಯನ್ನೇ ಪರೀಕ್ಷಿಸಬೇಕಾಗಿದೆ. ಇಂತಹ ಪ್ರಯೋಗಗಳಲ್ಲಿ ಎರಡು ಗುಂಪುಗಳುಂಟು: ಚಕ್ರವಿದ್ದವು, ಚಕ್ರವಿಲ್ಲದವು. ಎರಡನೆಯದನ್ನು ಸಾಮಾನ್ಯಸ್ಥಿತಿಯೆಂದೂ ಮೊದಲನೆಯದನ್ನು ವಿಶೇಷ ಚಿಕಿತ್ಸೆಯೆಂದೂ ಗ್ರಹಿಸುವುದು ವಾಡಿಕೆ. ಆದರೆ ಸಣ್ಣ ಪಂಜರದಲ್ಲಿ ಕೈಗೆಟುಕುವಂತೆ ಸದಾ ಆಹಾರವಿದ್ದು ಓಡಲು ಎಡೆಯಿಲ್ಲದ ಪ್ರಾಣಿಯು ಸ್ಥೂಲವೂ ರೋಗೋನ್ಮುಖವೂ ಆಗಿರುತ್ತದೆಂದು ಮಾರ್ಟಿನ್, ಮ್ಯಾಟ್ಸನ್ ಮೊದಲಾದವರು ೨೦೧೦ರಲ್ಲಿ ಎಚ್ಚರಿಸಿದರು. ಈ ಎಚ್ಚರಿಕೆ ಸರಿಯಾದರೆ, ಓಟದಿಂದ ಬಂದ ಲಾಭವೆಂದು ಬರೆದದ್ದರಲ್ಲಿ ಒಂದು ಭಾಗವು ಸೆರೆಯಿಂದಾದ ನಷ್ಟದ ಪರಿಹಾರವಾಗಿರಬೇಕು. ಇಲಿಯ ಮೇಲೆ ಪರೀಕ್ಷಿಸಿದ ಔಷಧವನ್ನು ಮನುಷ್ಯನಿಗೆ ಕೊಡುವ ಕಾಲದಲ್ಲಿ ಈ ಭೇದವು ಶಬ್ದಮಾತ್ರದ್ದಾಗಿ ಉಳಿಯುವುದಿಲ್ಲ. ಯಾವ ಇಲಿಯನ್ನು ಸ್ವಸ್ಥವೆಂದು ಕರೆಯಲಾಯಿತೆಂಬುದರ ಮೇಲೆ ರೋಗಿಯ ಹಿತವು ನಿಂತಿರುತ್ತದೆ.

೮. ಉಪಸಂಹಾರ

ಇಷ್ಟಾದ ಮೇಲೆ ಉಳಿಯುವ ಮೂಲಪ್ರಶ್ನೆಯು ಸ್ಲೋನೇಕರರ ವಿಶೇಷಣದಲ್ಲಿಯೇ ಅಡಗಿದ್ದುದು: ಈ ಓಟವು ಸಹಜವೋ ಅಥವಾ ಸೆರೆಯಲ್ಲಿ ಹುಟ್ಟಿದ ವಿಕಾರವೋ? ೧೯೯೮ರಲ್ಲಿ ಷೆರ್ವಿನ್ ಅವರು ಅದುವರೆಗಿನ ಪ್ರಬಂಧಗಳನ್ನೆಲ್ಲ ವಿಮರ್ಶಿಸಿ, ಚಕ್ರದೋಟವನ್ನು ಬೇರೆ ಯಾವುದೋ ಚಟುವಟಿಕೆಯ ಅಳತೆಯೆಂದು ತಿಳಿಯದೆ ಸ್ವತಂತ್ರವಾದ ನಡತೆಯೆಂದೇ ಪರಿಗಣಿಸತಕ್ಕದ್ದೆಂಬ ಅಭಿಪ್ರಾಯಕ್ಕೆ ಎಡೆಮಾಡಿದರು. ೨೦೧೪ರಲ್ಲಿ ಹಾಲೆಂಡಿನ ಲೈಡನ್ನಿನ ಮೆಯರ್ ಮತ್ತು ರಾಬರ್ಸ್ ಅವರು ಪ್ರಶ್ನೆಯನ್ನು ಪಂಜರದ ಹೊರಗೆ ಒಯ್ದರು. ಊರಿನ ಹಸುರು ಪ್ರದೇಶವೊಂದರಲ್ಲಿಯೂ ಜನಸಂಚಾರವಿಲ್ಲದ 
ಮರಳದಿಣ್ಣೆಗಳಲ್ಲಿಯೂ ಚಕ್ರವನ್ನಿರಿಸಿ, ಬಂದುಹೋಗುವ ಪ್ರಾಣಿಗಳ ಚಿತ್ರವನ್ನು ಹಿಡಿಯುವ ಯಂತ್ರವನ್ನು ಹೊಂದಿಸಿದರು. ಯಾರ ಸೆರೆಯಲ್ಲಿಯೂ ಇಲ್ಲದ ಕಾಡಿನ ಚಿಟ್ಟಿಲಿಗಳು ತಾವಾಗಿ ಬಂದು ಚಕ್ರವನ್ನು ಹೊಕ್ಕು ಓಡಿದವು. ಬಳಿಯಲ್ಲಿಟ್ಟಿದ್ದ ಆಹಾರವನ್ನು ತೆಗೆದ ಮೇಲೂ ಬಂದು ಓಡಿದವು. ಕಪ್ಪೆಗಳು ಕೂಡ ಚಕ್ರವನ್ನೇರಿದವು.

ಸೆರೆಯೇ ಓಟಕ್ಕೆ ಕಾರಣವೆಂಬ ಮತವು ಇದರಿಂದ ಬಿದ್ದುಹೋಯಿತು. ಹಾಗೆಂದು ಹಳೆಯ ಭಾಷ್ಯಗಳಲ್ಲಿ ಯಾವುದೊಂದೂ ಪೂರ್ಣವಾಗಿ ಗೆದ್ದಿತೆಂದು ಹೇಳುವಂತಿಲ್ಲ. ಬೆದೆಯ ಶಿಖರಗಳು ನಿಜ, ಗಡಿಯಾರದ ಓರೆಗೆರೆಯು ನಿಜ, ಮೆದುಳಿನ ಹೊಸ ಕಣಗಳೂ ನಿಜ. ಅವೆಲ್ಲವೂ ಒಂದೇ ಓಟದ ಮೇಲೆ ಬೇರೆ ಬೇರೆ ಕಾರಣಗಳು ಬಿಟ್ಟ ಗುರುತುಗಳು. ಚಕ್ರವು ತನ್ನಷ್ಟಕ್ಕೆ ಸುತ್ತುಗಳನ್ನಷ್ಟೇ ಹೇಳುತ್ತದೆ. ಆ ಸುತ್ತುಗಳಿಗೆ ಅರ್ಥವನ್ನು ಹೇಳುವವನು, ಪ್ರಾಣಿಯನ್ನು ಎಲ್ಲಿಟ್ಟಿದ್ದರು, ಏನು ತಿನ್ನಿಸಿದರು, ಯಾವುದರೊಡನೆ ಹೋಲಿಸಿದರು ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. ಈ ಶತಮಾನಾಧಿಕ ಚರಿತ್ರೆಯಿಂದ ದೊರೆಯುವ ಸಿದ್ಧಾಂತವು ಇಷ್ಟು.